ಸೂರು ಹೋದ ಸಂಸಾರಕ್ಕೆ ಯಾವ ದಾರಿ? ರಾಯಚೂರಿನಲ್ಲಿ ಇರುವ ಆಯ್ಕೆಗಳ ಹೋಲಿಕೆ

ರಾಯಚೂರು ರೈಲು ನಿಲ್ದಾಣದ ಹೊರಗೆ, ಬಸ್ ನಿಲ್ದಾಣದ ಕಟ್ಟೆ ಮೇಲೆ, ರಿಮ್ಸ್ ಆಸ್ಪತ್ರೆಯ ಅಂಗಳದಲ್ಲಿ ರಾತ್ರಿ ಹತ್ತರ ಮೇಲೆ ನೋಡಿದರೆ ಮಲಗಿದವರೆಲ್ಲ ಒಂದೇ ಥರ ಕಾಣುತ್ತಾರೆ. ಅವರಲ್ಲಿ ಬೆಳಗಿನ ರೈಲಿಗೆ ಕಾಯುವವರು ಇರುತ್ತಾರೆ, ರೋಗಿಯ ಜೊತೆ ಬಂದವರು ಇರುತ್ತಾರೆ, ಹೋಗೋಣ ಅಂದರೆ ಮನೆಯೇ ಇಲ್ಲದವರೂ ಇರುತ್ತಾರೆ. ಮನೆಯಿಲ್ಲದ ಸಂಸಾರವನ್ನು ಸಾಮಾನಿನಿಂದ ಗುರುತು ಹಿಡಿಯಬಹುದು. ಪ್ರಯಾಣಕ್ಕೆ ಹೊರಟವರು ಒಲೆ, ಕೊಡ, ಮಕ್ಕಳ ಶಾಲೆ ಬ್ಯಾಗು ಹೊತ್ತುಕೊಂಡು ಬರುವುದಿಲ್ಲ.

ಈ ಬರಹ ಅಂಥ ಸಂಸಾರಕ್ಕೆ ಒಂದು ಕೈ ಕೊಡೋಣ ಅಂದುಕೊಂಡವರಿಗಾಗಿ. ನೀವು ಶಾಲೆ ಮೇಷ್ಟ್ರಿರಬಹುದು, ಆಶಾ ಕಾರ್ಯಕರ್ತೆ ಇರಬಹುದು, ಓಣಿಯ ಕಿರಾಣಿ ಅಂಗಡಿಯವರಿರಬಹುದು. ಸಾಮಾನ್ಯವಾಗಿ ನಾವು ಏನು ಮಾಡುತ್ತೇವೆ? "ಅರ್ಜಿ ಹಾಕವ್ವ, ಸರ್ಕಾರ ಮನಿ ಕೊಡ್ತೈತಿ" ಅಂದು ಕಳಿಸಿಬಿಡುತ್ತೇವೆ. ಆ ಮನೆ ಬರುವುದು ವರ್ಷಗಳ ಮಾತು. ಇವತ್ತು ರಾತ್ರಿ ಎಲ್ಲಿ ಮಲಗಬೇಕು ಅನ್ನುವುದು ಒಂದು ಪ್ರಶ್ನೆ. ಸ್ವಂತ ಮನೆ ಹೇಗೆ ಅನ್ನುವುದು ಇನ್ನೊಂದು. ಇವೆರಡರ ನಡುವಿನ ವರ್ಷಗಳನ್ನು ಎಲ್ಲಿ ಕಳೆಯಬೇಕು ಅನ್ನುವುದೇ ಎಲ್ಲಕ್ಕಿಂತ ದೊಡ್ಡದು. ಅದನ್ನು ಕೇಳುವವರೇ ಕಡಿಮೆ.

ನಾನು ಪ್ರತಿ ಆಯ್ಕೆಯನ್ನೂ ನಾಲ್ಕು ವಿಷಯ ಇಟ್ಟುಕೊಂಡು ನೋಡುತ್ತೇನೆ. ಗಂಡ, ಹೆಂಡತಿ, ಮಕ್ಕಳು, ವಯಸ್ಸಾದ ತಾಯಿ ಎಲ್ಲರೂ ಒಟ್ಟಿಗೆ ಇರಬಹುದಾ? ಎಷ್ಟು ದಿನ ಇರಬಹುದು? ಕೂಲಿಗೆ, ಶಾಲೆಗೆ ಎಷ್ಟು ದೂರ? ಅಲ್ಲಿಂದ ಹೊರಬರುವಾಗ ಕೈಯಲ್ಲಿ ಯಾವ ಕಾಗದ ಇರುತ್ತದೆ? ಛಾವಣಿ ಆರ್‌ಸಿಸಿಯೋ ತಗಡೋ ಅನ್ನುವುದು ಇವೆಲ್ಲದರ ನಂತರ. ಕಾಗದಕ್ಕೆ ನಾನು ಜಾಸ್ತಿ ತೂಕ ಕೊಡುತ್ತೇನೆ. ವಿಳಾಸ ತೋರಿಸುವ ಒಂದು ಚೀಟಿ ಇಲ್ಲದ ಕಾರಣಕ್ಕೆ ರೇಷನ್ ಕಾರ್ಡ್ ಇಲ್ಲ, ರೇಷನ್ ಕಾರ್ಡ್ ಇಲ್ಲದ ಕಾರಣಕ್ಕೆ ಮನೆಯ ಪಟ್ಟಿಯಲ್ಲಿ ಹೆಸರಿಲ್ಲ. ಸುಮ್ನೆ ಹೀಗೆ ತಿರುಗುತ್ತಲೇ ಇರುವ ಸಂಸಾರಗಳು ಬಹಳ ಇವೆ.

ಮೊದಲು ಕೇಳಬೇಕಾದದ್ದು: ಮನೆ ನಿಜವಾಗಿ ಕೈಬಿಟ್ಟಿದೆಯಾ?

ಆಶ್ರಯ ಹುಡುಕುವ ಮೊದಲು ಸಮಾಧಾನವಾಗಿ ಕೂತು ಮಾತಾಡಿ. ಕೆಲವರಿಗೆ ಮನೆ ಇರುತ್ತದೆ, ಒಳಗೆ ಹೋಗಲು ಬಿಡುತ್ತಿರುವುದಿಲ್ಲ ಅಷ್ಟೆ.

ಗಂಡನೋ ಅತ್ತೆ ಮನೆಯವರೋ ಹೊರಗೆ ಹಾಕಿದ ಹೆಣ್ಣುಮಗಳು ಇದ್ದರೆ, 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಅವಳಿಗೆ ಆ ಮನೆಯಲ್ಲಿ ವಾಸಿಸುವ ಹಕ್ಕು ಕೊಡುತ್ತದೆ. ಮನೆ ಗಂಡನ ಹೆಸರಿಗೆ ಇದ್ದರೂ ಸರಿ. ಆ ಮನೆಗೆ ವಾಪಸ್ ಹೋಗುವುದು ಅಪಾಯ ಅನಿಸಿದರೆ ಬೇರೆ ಮನೆ ಕೊಡಿಸು, ಇಲ್ಲವೇ ಬಾಡಿಗೆ ಕೊಡು ಅಂತ ನ್ಯಾಯಾಲಯ ಗಂಡನಿಗೆ ಆದೇಶ ಮಾಡಬಹುದು. ಮಕ್ಕಳು ಹೊರಗೆ ಹಾಕಿದ ಮುದುಕ ಮುದುಕಿ ಇದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆ ಇದೆ. ಉಪವಿಭಾಗಾಧಿಕಾರಿಗಳ ಮುಂದೆ, ಅಂದರೆ ನಾವು ಎಸಿ ಸಾಹೇಬರು ಅನ್ನುತ್ತೇವಲ್ಲ ಅವರ ಮುಂದೆ, ಅರ್ಜಿ ಕೊಡಬಹುದು. "ನಮ್ಮನ್ನ ನೋಡ್ಕೋತೀನಿ ಅಂದಿದ್ದಕ್ಕ ಮನಿ ಬರಕೊಟ್ಟೆ" ಅನ್ನುವ ಮಾತು ಬಂದರೆ ಕಿವಿ ನಿಮಿರಿಸಿ ಕೇಳಿ. ನೋಡಿಕೊಳ್ಳಬೇಕು ಅನ್ನುವ ಷರತ್ತಿನ ಮೇಲೆ ಬರೆದುಕೊಟ್ಟ ದಾನಪತ್ರವನ್ನು ಆ ಕಾಯ್ದೆಯಡಿ ರದ್ದು ಮಾಡಿಸಲು ದಾರಿಯಿದೆ. ಇವೆರಡಕ್ಕೂ ವಕೀಲರ ಫೀಸಿಗೆ ಹೆದರಬೇಕಾಗಿಲ್ಲ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಆದಾಯ ಕಡಿಮೆ ಇದ್ದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಫೋನ್ ನಂಬರ್ 15100.

ಇನ್ನು ಮಳೆಗೆ ಬಿದ್ದ ಮನೆ. ನಮ್ಮ ಕಡೆ ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆ ಇರುವ ಮನೆಗಳು ಇನ್ನೂ ಬಹಳ. ಮೂರು ದಿನ ಜಡಿ ಹಿಡಿದರೆ ಗೋಡೆ ಕೂತುಬಿಡುತ್ತದೆ. ಹಾಗೆ ಬಿದ್ದಾಗ ಮಣ್ಣು ಎತ್ತಿ ಹಾಕುವ ಮೊದಲು ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ. ಗ್ರಾಮ ಆಡಳಿತ ಅಧಿಕಾರಿಗೆ, ಅಂದರೆ ಹಿಂದಿನ ತಲಾಟಿಗೆ, ಅವತ್ತೇ ತಿಳಿಸಿ ಪಂಚನಾಮೆ ಮಾಡಿಸಿ. ಪ್ರಕೃತಿ ವಿಕೋಪದಲ್ಲಿ ಪೂರ್ತಿ ಬಿದ್ದ ಮನೆಗೆ ಕೇಂದ್ರದ 2022ರ ನಿಯಮದಲ್ಲಿ ಬಯಲು ಸೀಮೆಗೆ 1.20 ಲಕ್ಷ ರೂಪಾಯಿ ಪರಿಹಾರ ಇಟ್ಟಿದ್ದಾರೆ. ಪಂಚನಾಮೆಯಲ್ಲಿ 'ಭಾಗಶಃ' ಅಂತ ಬರೆದರೆ ಹಣ ತೀರಾ ಕಡಿಮೆಯಾಗುತ್ತದೆ. ಸಹಿ ಹಾಕುವ ಮೊದಲು ಓದಿಸಿಕೊಳ್ಳಿ.

ಇವತ್ತಿನ ರಾತ್ರಿಗೆ

ಇಲ್ಲಿ ಆಯ್ಕೆ ಮೂರೇ: ನಗರದ ಆಶ್ರಯ ಕೇಂದ್ರ, ಹೆಣ್ಣುಮಕ್ಕಳಿಗೆ ಇರುವ ಕೇಂದ್ರಗಳು, ನೆಂಟರ ಮನೆ.

ನಗರ ಸಂಸ್ಥೆಗಳು ವಸತಿ ರಹಿತರಿಗೆ ಆಶ್ರಯ ಕೇಂದ್ರ ನಡೆಸಬೇಕು. ಒಂದು ಲಕ್ಷ ಜನಸಂಖ್ಯೆಗೆ 100 ಜನ ಇರಬಹುದಾದ ಒಂದು ಕೇಂದ್ರ, ಒಬ್ಬರಿಗೆ ಕನಿಷ್ಠ 50 ಚದರ ಅಡಿ ಜಾಗ ಅನ್ನುವುದು ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿ. 2011ರ ಜನಗಣತಿಯಲ್ಲಿ ರಾಯಚೂರು ನಗರಕ್ಕೆ ಎರಡು ಲಕ್ಷದ ಮೇಲೆ, ಬಳ್ಳಾರಿಗೆ ನಾಲ್ಕು ಲಕ್ಷದ ಮೇಲೆ ಜನ ಇದ್ದರು. ಆ ಲೆಕ್ಕದಲ್ಲೇ ಇಲ್ಲಿಗೆ ಎರಡು, ಅಲ್ಲಿಗೆ ನಾಲ್ಕು ಬೇಕು. ಈ ಕೇಂದ್ರಗಳು ಬರೀ ರಾತ್ರಿಗೆ ಇರುವುದಲ್ಲ, ಹಗಲೂ ತೆರೆದಿರಬೇಕು. ಮೇ ತಿಂಗಳ ರಾಯಚೂರು ಬಿಸಿಲಿನಲ್ಲಿ ಬಾಣಂತಿಯನ್ನೋ ಹಸುಗೂಸನ್ನೋ ಬೆಳಿಗ್ಗೆ ಆರಕ್ಕೆ ಹೊರಗೆ ಕಳಿಸಿದರೆ ಅದೆಂಥ ಆಶ್ರಯ?

ಹೋಗುವ ಮೊದಲು ಒಂದು ಮಾತು ಕೇಳಿಕೊಳ್ಳಿ: ಇಲ್ಲಿ ಸಂಸಾರಕ್ಕೆ ಬೇರೆ ಕೋಣೆ ಇದೆಯಾ? ಮಾರ್ಗಸೂಚಿಯಲ್ಲಿ ಗಂಡಸರಿಗೆ, ಹೆಂಗಸರಿಗೆ, ಕುಟುಂಬಕ್ಕೆ ಬೇರೆಬೇರೆ ವ್ಯವಸ್ಥೆ ಹೇಳಿದ್ದರೂ ಎಲ್ಲ ಕಡೆ ಅಷ್ಟು ಜಾಗ ಇರುವುದಿಲ್ಲ. ಗಂಡ ಒಂದು ಕಡೆ, ಹೆಂಡತಿ ಮಕ್ಕಳು ಒಂದು ಕಡೆ ಅಂದರೆ ಬಹಳ ಸಂಸಾರಗಳು ಬೇಡ ಅಂದು ವಾಪಸ್ ಬರುತ್ತವೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೂ ನಾನು ಈ ಕೇಂದ್ರವನ್ನು ಮೊದಲ ಸಾಲಿನಲ್ಲೇ ಇಡುತ್ತೇನೆ. ಕಾರಣ ಕಾಗದ. ಅಲ್ಲಿ ಇದ್ದವರಿಗೆ ಆಧಾರ್, ಮತದಾರರ ಚೀಟಿ, ರೇಷನ್, ಪಿಂಚಣಿ, ಶಾಲೆ ಸೇರಿಸಿಕೊಡುವುದು ಕೇಂದ್ರ ನಡೆಸುವವರ ಕೆಲಸದ ಭಾಗ. ರಿಜಿಸ್ಟರಿನಲ್ಲಿ ಹೆಸರು ಬಂದರೆ ಈ ಸಂಸಾರ ವಸತಿ ರಹಿತ ಅನ್ನುವುದಕ್ಕೆ ಒಂದು ದಾಖಲೆ ಆಯಿತು. ಹಾಗಾಗಿ ಹದಿನೈದು ದಿನದ ಮಟ್ಟಿಗೆ ಇದ್ದರೂ ಲಾಭವೇ.

ಹೊಡೆತ ತಿಂದು, ಬೆದರಿಕೆಗೆ ಅಂಜಿ ಹೊರಬಂದ ಹೆಣ್ಣುಮಗಳಿಗೆ ಇದು ಸಾಲದು. ಅವಳಿಗೆ ಸಖಿ ಒನ್ ಸ್ಟಾಪ್ ಕೇಂದ್ರ ಸರಿ. ಜಿಲ್ಲೆಗೊಂದು ಇದೆ. 181ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ. ಅಲ್ಲಿ ಐದು ದಿನದವರೆಗೆ ಇರಬಹುದು. ವೈದ್ಯರು, ಪೊಲೀಸರು, ವಕೀಲರು ಒಂದೇ ಕಡೆ ಸಿಗುತ್ತಾರೆ. ಐದು ದಿನದ ನಂತರ ಬೇಕಾದರೆ ಶಕ್ತಿ ಸದನಕ್ಕೆ ಕಳಿಸುತ್ತಾರೆ. ಹಿಂದೆ ಸ್ವಾಧಾರ ಗೃಹ ಅನ್ನುತ್ತಿದ್ದದ್ದು ಇದೇ. ಒಂದು ತೊಡಕು ಇದೆ. ತಾಯಿಯ ಜೊತೆ ಗಂಡುಮಕ್ಕಳನ್ನು ಇಟ್ಟುಕೊಳ್ಳಲು ವಯಸ್ಸಿನ ಮಿತಿ ಇರುತ್ತದೆ. ಮೀಸೆ ಬರುವ ವಯಸ್ಸಿನ ಮಗ ಇದ್ದರೆ ಅವನನ್ನು ಎಲ್ಲಿ ಬಿಡುವುದು ಅನ್ನುವುದನ್ನು ಹೊರಡುವ ಮೊದಲೇ ಯೋಚಿಸಿ. ಹಾಸ್ಟೆಲ್ ಸಿಗುತ್ತದಾ, ಅಜ್ಜಿ ಮನೆ ಇದೆಯಾ ನೋಡಿ. ಬಾಗಿಲ ತನಕ ಹೋಗಿ ಮಗನಿಗಾಗಿ ವಾಪಸ್ ಬಂದ ತಾಯಿ ಮತ್ತೆ ಅದೇ ಮನೆಗೆ ಹೋಗುತ್ತಾಳೆ.

ನೆಂಟರ ಮನೆ ಎಲ್ಲರಿಗೂ ಮೊದಲು ನೆನಪಾಗುವುದು. ಒಂದು ವಾರಕ್ಕೆ ಅದೇ ಒಳ್ಳೆಯದು ಅಂತಲೇ ನನ್ನ ಅಭಿಪ್ರಾಯ. ಆಮೇಲೆ ಮಾತು ಬರುತ್ತವೆ. ಅಷ್ಟರೊಳಗೆ ಮುಂದಿನ ಜಾಗ ನೋಡಿಕೊಳ್ಳಬೇಕು.

ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ಮಾತ್ರ ಸಂಸಾರವನ್ನು ಕಳಿಸಬೇಡಿ. ಅದು 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಭಿಕ್ಷೆ ಬೇಡುವವರಿಗಾಗಿ ಇರುವ ಕೇಂದ್ರ. ದುಡಿದು ತಿನ್ನುವ ಸಂಸಾರಕ್ಕೂ ಅದಕ್ಕೂ ಸಂಬಂಧವಿಲ್ಲ.

ನಡುವಿನ ವರ್ಷಗಳು: ಬಾಡಿಗೆ ಕೋಣೆ, ಕೆಲಸದ ಶೆಡ್ಡು, ಸರ್ಕಾರಿ ಜಾಗದ ಗುಡಿಸಲು

ನಿಜವಾದ ಹೋಲಿಕೆ ಇಲ್ಲಿದೆ. ಹೆಚ್ಚಿನವರು ಎಡವುವುದೂ ಇಲ್ಲೇ.

ಕೆಲಸದ ಶೆಡ್ಡು ಅಂದರೆ ಕಟ್ಟಡದ ಮೇಸ್ತ್ರಿ ಹಾಕಿಕೊಟ್ಟ ತಗಡಿನ ಶೆಡ್ಡು, ಇಟ್ಟಿಗೆ ಭಟ್ಟಿಯ ಗೂಡು, ಸಿಂಧನೂರು ಕಡೆಯ ಕ್ಯಾಂಪುಗಳಲ್ಲಿ ಗದ್ದೆ ಮಾಲೀಕರು ಕೊಡುವ ಕೋಣೆ. ಬಾಡಿಗೆ ಇಲ್ಲ. ಸಂಸಾರ ಒಟ್ಟಿಗೆ ಇರುತ್ತದೆ. ಕೂಲಿ ಕಾಲ ಬುಡದಲ್ಲೇ. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ಕೆಲಸ ಮುಗಿದ ದಿನವೇ ಮನೆಯೂ ಮುಗಿಯುತ್ತದೆ. ಮುಂಗಡ ತೆಗೆದುಕೊಂಡಿದ್ದರೆ ಬಿಟ್ಟು ಹೋಗಲೂ ಆಗುವುದಿಲ್ಲ. ಶಾಲೆ ದೂರ. ಕಾಗದ ಅಂತೂ ಸೊನ್ನೆ. ದೇವದುರ್ಗ, ಲಿಂಗಸುಗೂರು, ಮಾನ್ವಿ ಕಡೆಯಿಂದ ಬೆಂಗಳೂರಿಗೆ, ಹೈದರಾಬಾದಿಗೆ ಗುಳೆ ಹೋಗುವವರು ವರ್ಷಗಟ್ಟಲೆ ಇಂಥ ಶೆಡ್ಡುಗಳಲ್ಲೇ ಇರುತ್ತಾರೆ. ಅತ್ತ ಬೆಂಗಳೂರಿನ ಲೆಕ್ಕದಲ್ಲೂ ಇಲ್ಲ, ಇತ್ತ ಊರಿನ ಪಟ್ಟಿಯಲ್ಲೂ ಇಲ್ಲ. ಶೆಡ್ಡಿನಲ್ಲೇ ಇರಬೇಕಾಗಿ ಬಂದರೆ ಒಂದು ಕೆಲಸ ಮಾಡಿಸಿ: ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಲೇಬರ್ ಕಾರ್ಡ್. ವರ್ಷದಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದವರಿಗೆ ಅದು ಸಿಗುತ್ತದೆ. ಶೆಡ್ಡು ಬಿಟ್ಟರೂ ಕಾರ್ಡ್ ಕೈಯಲ್ಲಿ ಉಳಿಯುತ್ತದೆ.

ಸರ್ಕಾರಿ ಜಾಗದಲ್ಲಿ ಗುಡಿಸಲು ಹಾಕುವುದು ಎರಡನೆಯದು. ತಾಡಪತ್ರಿ, ನಾಲ್ಕು ಗಳ, ಒಂದು ದಿನದ ಕೆಲಸ. "ಇಲ್ಲೇ ಕೂತ್ರ ಮುಂದ ಪಟ್ಟಾ ಆಗ್ತೈತಿ" ಅಂತ ಓಣಿಯಲ್ಲಿ ಯಾರಾದರೂ ಹೇಳಿರುತ್ತಾರೆ. ಅದು ಪೂರ್ತಿ ಸುಳ್ಳಲ್ಲ. ಭೂ ಕಂದಾಯ ಕಾಯ್ದೆಯ 94ಸಿ ಹಳ್ಳಿಗಳಲ್ಲಿ, 94ಸಿಸಿ ಪಟ್ಟಣಗಳಲ್ಲಿ ಸರ್ಕಾರಿ ಜಾಗದ ಮೇಲೆ ಕಟ್ಟಿಕೊಂಡ ಮನೆಗಳನ್ನು ಸಕ್ರಮ ಮಾಡಿಕೊಡುತ್ತವೆ. ತಾಂಡಾ, ಹಟ್ಟಿ, ಕ್ಯಾಂಪುಗಳನ್ನು ಕಂದಾಯ ಗ್ರಾಮ ಮಾಡಿ ಹಕ್ಕುಪತ್ರ ಕೊಡುವ ಕೆಲಸವೂ ನಡೆದಿದೆ. 2025ರ ಮೇನಲ್ಲಿ ಹೊಸಪೇಟೆಯ ಸಮಾವೇಶದಲ್ಲಿ ಲಕ್ಷಕ್ಕೂ ಮೇಲೆ ಕುಟುಂಬಗಳಿಗೆ ಹಕ್ಕುಪತ್ರ ಕೊಟ್ಟ ಸುದ್ದಿ ನೀವೂ ಓದಿರುತ್ತೀರಿ. ಆದರೆ ಈ ಕಲಮುಗಳು ಕಾಯ್ದೆ ಹೇಳಿದ ತಾರೀಖಿಗಿಂತ ಮೊದಲೇ ಇದ್ದ ಮನೆಗಳಿಗೆ. ಇವತ್ತು ಹೊಸದಾಗಿ ಗಳ ನೆಟ್ಟವರಿಗೆ ಅಲ್ಲ. ಕೆರೆ ಅಂಗಳ, ರಾಜಕಾಲುವೆ, ರಸ್ತೆಗೆ ಬಿಟ್ಟ ಜಾಗ ಆದರೆ ಎಷ್ಟು ವರ್ಷ ಕೂತರೂ ಸಕ್ರಮ ಆಗುವುದಿಲ್ಲ.

ಹಾಗಾದರೆ ಗುಡಿಸಲು ಬೇಡವೇ ಬೇಡವಾ? ಒಂದು ಸಂದರ್ಭದಲ್ಲಿ ನಾನು ಬೇಡ ಅನ್ನುವುದಿಲ್ಲ. ಮೊದಲೇ ಇರುವ ಕೊಳಗೇರಿಯಲ್ಲಿ, ಅದರಲ್ಲೂ 1973ರ ಕೊಳಗೇರಿ ಕಾಯ್ದೆಯಡಿ ಘೋಷಣೆ ಆದ ಕೊಳಗೇರಿಯಲ್ಲಿ, ನೆಂಟರ ಪಕ್ಕ ಒಂದು ಕೋಣೆ ಸಿಕ್ಕರೆ ಪರವಾಗಿಲ್ಲ. ಘೋಷಣೆಯಾದ ಮೇಲೆ ಅಲ್ಲಿಂದ ಸುಮ್ಮಸುಮ್ಮನೆ ಎಬ್ಬಿಸಲು ಬರುವುದಿಲ್ಲ. ನೀರು, ದೀಪ, ಚರಂಡಿ ಬರುತ್ತವೆ. ಕೊಳಗೇರಿ ಅಭಿವೃದ್ಧಿ ಮಂಡಳಿ ಸಮೀಕ್ಷೆ ಮಾಡಿದಾಗ ಹೆಸರು ಸೇರುತ್ತದೆ. ಘೋಷಣೆ ಆಗಿದೆಯೋ ಇಲ್ಲವೋ ಅನ್ನುವುದನ್ನು ಮಂಡಳಿಯ ಕಚೇರಿಯಲ್ಲಿ ಕೇಳಿ, ಓಣಿ ಲೀಡರ್ ಮಾತು ನಂಬಬೇಡಿ.

ಇನ್ನು ಬಾಡಿಗೆ. ದುಡಿಯುವ ಎರಡು ಕೈ ಇರುವ ಸಂಸಾರಕ್ಕೆ ನಾನು ಹೇಳುವುದು ಇದನ್ನೇ: ಕೂಲಿ ಅಡ್ಡೆಗೆ ನಡೆದು ಹೋಗುವ ದೂರದಲ್ಲಿ ಒಂದೇ ಒಂದು ಕೋಣೆ. ಚಿಕ್ಕದಿರಲಿ, ತಗಡಿನದಿರಲಿ. "ಇಲ್ಲದವರಿಗೆ ಬಾಡಿಗೆ ಕಟ್ಟಿಸ್ತೀರಾ?" ಅಂತ ಕೇಳಬಹುದು. ಲೆಕ್ಕ ಹಾಕಿ ನೋಡೋಣ. ತಿಂಗಳಿಗೆ 2,500 ರೂಪಾಯಿ ಬಾಡಿಗೆ ಅಂತ ಹಿಡಿಯಿರಿ. ಊರ ಹೊರಗಿನ ಗುಡಿಸಲಿಗೆ ಬಾಡಿಗೆ ಇಲ್ಲ. ಆದರೆ ಗಂಜ್ ಕಡೆಗೆ ಹಮಾಲಿ ಕೆಲಸಕ್ಕೋ ಅಕ್ಕಿ ಗಿರಣಿಗೋ ಬರಲು ಇಬ್ಬರಿಗೆ ದಿನಕ್ಕೆ 80 ರೂಪಾಯಿ ಆಟೋ ಖರ್ಚು ಆದರೆ 25 ದಿನಕ್ಕೆ 2,000 ಆಯಿತು. ನೀರಿನ ಕೊಡಕ್ಕೆ, ಮೊಬೈಲ್ ಚಾರ್ಜಿಗೆ ಬೇರೆ. ತಡವಾಗಿ ಬಂದರೆ ಅವತ್ತಿನ ಕೂಲಿಯೇ ಇಲ್ಲ. ಪುಕ್ಕಟೆ ಗುಡಿಸಲು ನಿಜಕ್ಕೂ ಪುಕ್ಕಟೆ ಬೀಳುವುದಿಲ್ಲ.

ಬಾಡಿಗೆಗೆ ಇನ್ನೊಂದು ಬಲ ಇದೆ. ಮನೆ ಮಾಲೀಕರು ಬಾಡಿಗೆ ಕರಾರು ಬರೆದುಕೊಟ್ಟರೆ ಅದು ವಿಳಾಸದ ದಾಖಲೆಯಾಗುತ್ತದೆ. ಆ ಕರಾರಿನಿಂದ ಗೃಹಜ್ಯೋತಿಗೆ ಬಾಡಿಗೆದಾರರೂ ಹೆಸರು ಸೇರಿಸಬಹುದು. ಬೇರೆ ಮೀಟರ್ ಇದ್ದರೆ ಕರೆಂಟ್ ಬಿಲ್ಲಿನ ಭಾರ ಇಳಿಯುತ್ತದೆ. ರೇಷನ್ ಕಾರ್ಡಿನಲ್ಲಿ ಯಜಮಾನಿ ಅಂತ ಹೆಸರಿರುವ ಹೆಣ್ಣುಮಗಳಿಗೆ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಬಂದರೆ ಬಾಡಿಗೆಯ ದೊಡ್ಡ ಪಾಲು ಅದರಲ್ಲೇ ತೀರುತ್ತದೆ. ಕಂತು ಹಿಂದೆ ಮುಂದೆ ಆಗುವುದುಂಟು, ಅದೊಂದನ್ನೇ ನಂಬಿ ಕೂರಬಾರದು.

ಬಾಡಿಗೆಯಲ್ಲಿ ನಿಜವಾದ ಅಡ್ಡಿ ಅಡ್ವಾನ್ಸು. ತಿಂಗಳ ಬಾಡಿಗೆ ಕಟ್ಟುವ ಶಕ್ತಿ ಇದ್ದರೂ ಒಮ್ಮೆಗೇ ಹತ್ತು ಸಾವಿರ ಎಲ್ಲಿಂದ ತರುತ್ತಾರೆ? ಸಹಾಯ ಮಾಡುವವರ ಹಣ ಹೋಗಬೇಕಾದ ಜಾಗ ಇದು. ಕಂಬಳಿ, ಊಟದ ಪೊಟ್ಟಣ ಹಂಚುವ ಹತ್ತು ಜನ ಸೇರಿದರೆ ಒಂದು ಸಂಸಾರದ ಅಡ್ವಾನ್ಸು ಆಗಿಬಿಡುತ್ತದೆ. ಹಣವನ್ನು ಮಾಲೀಕರಿಗೆ ನೇರವಾಗಿ ಕೊಟ್ಟು, ಖಾಲಿ ಮಾಡಿದಾಗ ಅದು ಯಾರಿಗೆ ವಾಪಸ್ ಬರಬೇಕು ಅನ್ನುವುದನ್ನು ಕರಾರಿನಲ್ಲೇ ಬರೆಸಿ. ಇನ್ನೊಂದು ಅಡ್ಡಿ ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: ಜಾತಿ. "ಯಾವ ಪೈಕಿ?" ಅಂತ ಕೇಳಿದ ಮೇಲೆ ಕೋಣೆ ಇದ್ದಕ್ಕಿದ್ದಂತೆ 'ಬೇರೆಯವರಿಗೆ ಮಾತಾಗಿ' ಹೋಗಿರುತ್ತದೆ. ನೀವು ಜೊತೆಗೆ ಹೋಗಿ ನಿಂತರೆ, ಜವಾಬ್ದಾರಿ ನನ್ನದು ಅಂದರೆ, ಸ್ವಲ್ಪ ಮಟ್ಟಿಗೆ ಬಾಗಿಲು ತೆರೆಯುತ್ತದೆ.

ತೋರಣಗಲ್ಲು, ಗಿಣಿಗೇರಾದಂಥ ಕಾರ್ಖಾನೆ ಊರುಗಳಲ್ಲಿ ಈ ಲೆಕ್ಕ ತಿರುಗಬಹುದು. ಹೊರಗಿನಿಂದ ಬಂದ ಕೆಲಸಗಾರರು ಕೋಣೆಗೆ ಇಬ್ಬರು ಮೂವರು ಸೇರಿ ಬಾಡಿಗೆ ಹಂಚಿಕೊಳ್ಳುತ್ತಾರೆ. ಸಂಸಾರದವರು ಅವರ ಜೊತೆ ಪೈಪೋಟಿ ಮಾಡಲಾರರು. ಅಲ್ಲಿ ಪಕ್ಕದ ಹಳ್ಳಿ ನೋಡುವುದೇ ಸರಿ.

ಸ್ವಂತ ಮನೆ: ಜಾಗ ಇದ್ದವರು, ಜಾಗ ಇಲ್ಲದವರು

ಯೋಜನೆಗಳ ಹೆಸರು ಎಷ್ಟಿವೆಯೋ! ಹಳ್ಳಿಗೆ ಬಸವ ವಸತಿ, ಪಟ್ಟಣಕ್ಕೆ ವಾಜಪೇಯಿ ನಗರ ವಸತಿ, ಪರಿಶಿಷ್ಟರಿಗೆ ಅಂಬೇಡ್ಕರ್ ನಿವಾಸ್, ವಿಧವೆಯರು, ಅಂಗವಿಕಲರು, ಮಾಜಿ ದೇವದಾಸಿಯರು ಮುಂತಾದವರಿಗೆ ದೇವರಾಜ ಅರಸು ವಸತಿ. ಇವೆಲ್ಲ ನಡೆಯುವುದು ರಾಜೀವ್ ಗಾಂಧಿ ವಸತಿ ನಿಗಮದ ಮೂಲಕ. ಮೇಲಿಂದ ಕೇಂದ್ರದ ಪ್ರಧಾನ ಮಂತ್ರಿ ಆವಾಸ್, ಹಳ್ಳಿಗೊಂದು ಪಟ್ಟಣಕ್ಕೊಂದು. ಜನ ಮಾತ್ರ ಇವತ್ತಿಗೂ ಎಲ್ಲವನ್ನೂ 'ಆಶ್ರಯ ಮನೆ' ಅಂತಲೇ ಕರೆಯುತ್ತಾರೆ. ಹೆಸರುಗಳ ಗೊಂದಲದಲ್ಲಿ ತಲೆ ಕೆಡಿಸಿಕೊಳ್ಳಬೇಡಿ. ಎರಡೇ ಪ್ರಶ್ನೆ ಸಾಕು: ಸ್ವಂತ ಜಾಗ ಇದೆಯಾ? ಹಳ್ಳಿಯೋ ಪಟ್ಟಣವೋ?

ಜಾಗ ಇದ್ದರೆ, ಹಳ್ಳಿಯಾದರೆ, ಆಯ್ಕೆ ನಡೆಯುವುದು ಗ್ರಾಮ ಸಭೆಯಲ್ಲಿ. ಪಟ್ಟಣದಲ್ಲಿ ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿಯಲ್ಲಿ. ಗುಳೆ ಹೋದ ಸಂಸಾರಕ್ಕೆ ಗ್ರಾಮ ಸಭೆಯ ಸುದ್ದಿಯೇ ಸಿಗುವುದಿಲ್ಲ. ಮನೆ ಸಮೀಕ್ಷೆಗೆ ಬಂದಾಗ ಬೀಗ ಹಾಕಿರುತ್ತದೆ. ಪಟ್ಟಿಯಿಂದ ಹೆಸರು ಬಿಟ್ಟುಹೋಗಲು ಇದಕ್ಕಿಂತ ದೊಡ್ಡ ಕಾರಣ ನಮ್ಮ ಕಡೆ ಇಲ್ಲ ಅಂತಲೇ ಹೇಳುತ್ತೇನೆ. ಮೊಹರಂಗೆ, ಯುಗಾದಿಗೆ ಜನ ಊರಿಗೆ ಬರುತ್ತಾರಲ್ಲ, ಆಗ ಪಿಡಿಒ, ಅಂದರೆ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ, ಹತ್ತಿರ ಕರೆದುಕೊಂಡು ಹೋಗಿ ಅರ್ಜಿ ಕೊಡಿಸಿ, ಸ್ವೀಕೃತಿ ತೆಗೆದುಕೊಳ್ಳಿ, ಊರಲ್ಲಿ ಇರುವ ಒಬ್ಬರ ಫೋನ್ ನಂಬರ್ ಬರೆಸಿ ಬನ್ನಿ.

ಹಣದ ವಿಷಯಕ್ಕೆ ಬಂದರೆ, ಆವಾಸ್ ಗ್ರಾಮೀಣದಲ್ಲಿ ಬಯಲು ಸೀಮೆಗೆ 1.20 ಲಕ್ಷ, ಕನಿಷ್ಠ 25 ಚದರ ಮೀಟರ್ ಮನೆ. ಅದರ ಮೇಲೆ ಶೌಚಾಲಯಕ್ಕೆ 12,000 ಮತ್ತು ಉದ್ಯೋಗ ಖಾತ್ರಿಯಲ್ಲಿ 90 ದಿನದ ಕೂಲಿ ಸೇರಿಸಿ ಕೊಡುವ ಪದ್ಧತಿ. ಪಟ್ಟಣಕ್ಕೆ 2024ರಲ್ಲಿ ಶುರುವಾದ ಆವಾಸ್ ನಗರ 2.0 ಇದೆ. ಸ್ವಂತ ಜಾಗದಲ್ಲಿ ಕಟ್ಟುವವರಿಗೆ ಕೇಂದ್ರದ ಪಾಲು 1.50 ಲಕ್ಷ. ವರ್ಷದ ಆದಾಯ 3 ಲಕ್ಷದ ಒಳಗಿರಬೇಕು, ದೇಶದಲ್ಲಿ ಎಲ್ಲೂ ಪಕ್ಕಾ ಮನೆ ಇರಬಾರದು, ಹಿಂದಿನ 20 ವರ್ಷದಲ್ಲಿ ಸರ್ಕಾರದ ಮನೆ ಪಡೆದಿರಬಾರದು. ಕೊನೆಯದು ಬಹಳ ಜನರಿಗೆ ಅಡ್ಡ ಬರುತ್ತದೆ. ಒಂದೇ ರೇಷನ್ ಕಾರ್ಡಿನಲ್ಲಿ ಅಪ್ಪನ ಜೊತೆ ಉಳಿದುಕೊಂಡ ಮದುವೆಯಾದ ಮಗನಿಗೆ, ಅಪ್ಪನಿಗೆ ಬಂದ ಮನೆಯನ್ನೇ ತೋರಿಸಿ ಇಲ್ಲ ಅನ್ನುತ್ತಾರೆ. ಮದುವೆಯಾಗಿ ಬೇರೆ ಇದ್ದವರು ಕಾರ್ಡನ್ನೂ ಬೇರೆ ಮಾಡಿಸಿಕೊಳ್ಳಲಿ.

ಒಂದು ಎಚ್ಚರ ಹೇಳಲೇಬೇಕು. ಈ ಹಣ ಸಾಮಾನ್ಯವಾಗಿ ಮೊದಲೇ ಕೈಗೆ ಬರುವುದಿಲ್ಲ. ತಳಪಾಯ ಆದ ಮೇಲೆ, ಗೋಡೆ ಎದ್ದ ಮೇಲೆ, ಛಾವಣಿ ಬಿದ್ದ ಮೇಲೆ, ಮನೆ ಮುಗಿದ ಮೇಲೆ ಹೀಗೆ ಜಿಪಿಎಸ್ ಫೋಟೋ ತೆಗೆದು ಕಂತು ಬಿಡುತ್ತಾರೆ. ಅಂದರೆ ಪ್ರತಿ ಹಂತಕ್ಕೂ ಮೊದಲು ಕೈಯಿಂದ ಹಾಕಬೇಕು. ಸಿಮೆಂಟು, ಉಸುಕು, ಕಬ್ಬಿಣದ ಇವತ್ತಿನ ರೇಟಿಗೆ 1.20 ಲಕ್ಷದಲ್ಲಿ ಮನೆ ಮುಗಿಯುವುದೂ ಇಲ್ಲ. ಬಡ್ಡಿಗೆ ತಂದು ಕಟ್ಟಲು ಹೋಗಿ, ಲಿಂಟಲ್ ಮಟ್ಟಕ್ಕೆ ನಿಂತ ಮನೆಗಳನ್ನು ಯಾವ ಹಳ್ಳಿಗೆ ಹೋದರೂ ನೋಡಬಹುದು. ಸಾಲದ ಬಡ್ಡಿ ತೀರಿಸಲು ಮತ್ತೆ ಗುಳೆ. ನಿಮ್ಮಿಂದ ಸಹಾಯ ಮಾಡಲು ಆಗುವುದಾದರೆ ತಳಪಾಯದ ಹಂತಕ್ಕೆ ಮಾಡಿ, ಮೊದಲ ಕಂತು ಬಂದ ಮೇಲೆ ಚಕ್ರ ತಾನೇ ತಿರುಗುತ್ತದೆ. ಕಾಮಗಾರಿ ಆದೇಶ ಬರುವ ಮೊದಲು ಮಾತ್ರ ತಳಪಾಯ ತೋಡಿಸಬೇಡಿ.

ಜಾಗವೇ ಇಲ್ಲದವರ ದಾರಿ ಇನ್ನೂ ಉದ್ದ. ಅವರು ಮೊದಲು ನಿವೇಶನಕ್ಕೆ ಅರ್ಜಿ ಹಾಕಬೇಕು, ಆಮೇಲೆ ಮನೆಗೆ. ಮನೆಗೆ ಮಾತ್ರ ಅರ್ಜಿ ಹಾಕಿ ವರ್ಷಗಟ್ಟಲೆ ಕಾದು, ಕೊನೆಗೆ 'ಜಾಗದ ಉತಾರ (ದಾಖಲೆಯ ನಕಲು) ಎಲ್ಲಿ?' ಅಂತ ಕೇಳಿಸಿಕೊಂಡವರು ಇದ್ದಾರೆ. ಎರಡು ಅರ್ಜಿ ಬೇರೆ ಬೇರೆ ಅನ್ನುವುದು ನೆನಪಿರಲಿ. ಪಟ್ಟಣದಲ್ಲಾದರೆ ಕೊಳಗೇರಿ ಮಂಡಳಿ ಕಟ್ಟುವ ಮನೆಗಳೂ ಇವೆ. ಅಲ್ಲಿ ಫಲಾನುಭವಿ ವಂತಿಗೆ ಎಷ್ಟು, ಅದನ್ನು ಈಗ ಸರ್ಕಾರ ಕಟ್ಟುತ್ತದೋ ನಾವು ಕಟ್ಟಬೇಕೋ ಅನ್ನುವುದನ್ನು ಲಿಖಿತವಾಗಿ ಕೇಳಿ. ಆವಾಸ್ ನಗರ 2.0ರಲ್ಲಿ ಕಡಿಮೆ ಬಾಡಿಗೆಯ ಮನೆಗಳಿಗೂ ಒಂದು ಭಾಗ ಇಟ್ಟಿದ್ದಾರೆ, ವಲಸೆ ಬಂದವರು, ವಸತಿ ಇಲ್ಲದವರು ಅದರಲ್ಲಿ ಸೇರುತ್ತಾರೆ. ನಿಮ್ಮ ನಗರ ಸಂಸ್ಥೆ ಅದನ್ನು ಕೈಗೆತ್ತಿಕೊಂಡಿದೆಯಾ ಅಂತ ವಿಚಾರಿಸುತ್ತಿರಿ.

ಪುಕ್ಕಟೆ ನಿವೇಶನ ಸಿಕ್ಕಿತು ಅಂದ ತಕ್ಷಣ ಎಲ್ಲ ಬಿಟ್ಟು ಓಡುವುದೂ ಬೇಡ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ಆ ಮಹಾಮಳೆ ನಮ್ಮ ಜಿಲ್ಲೆಯ ದೊಡ್ಡವರಿಗೆಲ್ಲ ನೆನಪಿದೆ. ಆಗ 'ಆಸರೆ' ಯೋಜನೆಯಲ್ಲಿ ನದಿ ಹಳ್ಳಗಳಿಂದ ದೂರ ಹೊಸ ಊರುಗಳನ್ನೇ ಕಟ್ಟಿದರು. ಎಷ್ಟೋ ಕಡೆ ಮನೆ ಖಾಲಿ ಉಳಿದವು. ಹೊಲ ದೂರ, ದನ ಕಟ್ಟಲು ಜಾಗವಿಲ್ಲ, ನೀರಿಲ್ಲ. ಜನ ಹಳೆ ಊರಿಗೇ ವಾಪಸ್ ಹೋದರು. 20×30ರ ನಿವೇಶನ ಊರಿಂದ ಎಂಟು ಕಿಲೋಮೀಟರ್ ಆಚೆ ಸಿಕ್ಕರೆ ಹಕ್ಕುಪತ್ರ ತೆಗೆದುಕೊಳ್ಳಲಿ, ಅದು ಆಸ್ತಿ. ಆದರೆ ಬಸ್ಸು, ನೀರು, ಶಾಲೆ ಬರುವ ತನಕ ಬಾಡಿಗೆ ಕೋಣೆ ಬಿಡದಿರಲಿ.

ವಿಳಾಸ ಇಲ್ಲದವರಿಗೆ ಕಾಗದ ಮಾಡಿಸುವುದು

'ವಿಳಾಸ ಇಲ್ಲ, ಆಗಲ್ಲ' ಅನ್ನುವ ಉತ್ತರ ಕೌಂಟರಿನಲ್ಲಿ ಸಿಕ್ಕರೆ ಅಲ್ಲಿಗೇ ಬಿಡಬೇಡಿ. ಆಧಾರ್ ವಿಳಾಸಕ್ಕೆ ಒಂದು ನಮೂನೆ ಪ್ರಮಾಣಪತ್ರ ಇದೆ. ತಹಶೀಲ್ದಾರ್, ಗೆಜೆಟೆಡ್ ಅಧಿಕಾರಿ, ಶಾಸಕರು, ಅಥವಾ ಮಾನ್ಯತೆ ಇರುವ ಆಶ್ರಯ ಕೇಂದ್ರದ ಮೇಲ್ವಿಚಾರಕರು ಫೋಟೋ ಅಂಟಿಸಿ ಸಹಿ ಮಾಡಿಕೊಟ್ಟರೆ ನಡೆಯುತ್ತದೆ. ಮತದಾರರ ಪಟ್ಟಿಯ ನಿಯಮ ಇನ್ನೂ ಸುಲಭ. ಮನೆಯಿಲ್ಲದವರು ಫಾರಂ 6ರಲ್ಲಿ ತಾವು ಮಲಗುವ ಜಾಗವನ್ನೇ ಬರೆಯಬಹುದು. ಬಿಎಲ್‌ಒ, ಅಂದರೆ ಮತಗಟ್ಟೆ ಮಟ್ಟದ ಅಧಿಕಾರಿ, ರಾತ್ರಿ ಹೊತ್ತು ಒಂದಕ್ಕಿಂತ ಹೆಚ್ಚು ಸಲ ಬಂದು, ಅವರು ಅಲ್ಲೇ ಮಲಗುತ್ತಾರೆ ಅಂತ ನೋಡಿ ಖಾತ್ರಿ ಮಾಡಿಕೊಂಡರೆ ಸಾಕು, ಬೇರೆ ದಾಖಲೆ ಬೇಡ. ರಾಜಕೀಯದವರು ಓಣಿಗೆ ಬರಬೇಕಾದರೆ ಈ ಚೀಟಿ ಎಷ್ಟು ಕೆಲಸ ಮಾಡುತ್ತದೆ ಅನ್ನುವುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಬೇರೆ ಊರಿನ ರೇಷನ್ ಕಾರ್ಡ್ ಇದ್ದರೆ ಅದನ್ನು ಎಸೆದು ಹೊಸದಕ್ಕೆ ಓಡಾಡುವುದು ಬೇಡ. ಒಂದು ದೇಶ ಒಂದು ರೇಷನ್ ವ್ಯವಸ್ಥೆಯಲ್ಲಿ ಇರುವ ಕಡೆಯೇ ಧಾನ್ಯ ತೆಗೆದುಕೊಳ್ಳಬಹುದು. ಮಕ್ಕಳ ಶಾಲೆಗೆ ಕಾಯಲೇಬಾರದು. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಆರರಿಂದ ಹದಿನಾಲ್ಕು ವರ್ಷದ ಮಗುವಿಗೆ ಜನನ ಪ್ರಮಾಣಪತ್ರ ಇಲ್ಲ, ಟಿಸಿ ಇಲ್ಲ ಅಂತ ಪ್ರವೇಶ ನಿರಾಕರಿಸುವಂತಿಲ್ಲ. ಜಾತಿ, ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ. ಎಲ್ಲದರ ಫೋಟೋ ನಿಮ್ಮ ಮೊಬೈಲಿನಲ್ಲೂ ಇರಲಿ, ಮಳೆಗೆ ನೆಂದು ಹೋಗುವುದು ಮೊದಲು ಕಾಗದದ ಚೀಲವೇ.

ಯಾರಿಗೆ ಯಾವುದು

ಗಂಡ ಹೆಂಡತಿ ಇಬ್ಬರೂ ದುಡಿಯುತ್ತಾರೆ, ಮಕ್ಕಳು ಶಾಲೆಗೆ ಹೋಗುತ್ತವೆ ಅಂದರೆ: ಎರಡು ವಾರ ಆಶ್ರಯ ಕೇಂದ್ರ, ಅಷ್ಟರಲ್ಲಿ ಕಾಗದ, ಆಮೇಲೆ ಬಾಡಿಗೆ ಕೋಣೆ, ಜೊತೆಗೇ ನಿವೇಶನಕ್ಕೆ ಅರ್ಜಿ.

ಒಂಟಿ ತಾಯಿ, ಚಿಕ್ಕ ಮಕ್ಕಳು: ಹಿಂಸೆ ಇದ್ದರೆ ಸಖಿ ಕೇಂದ್ರ, ಕಾನೂನು ಸೇವಾ ಪ್ರಾಧಿಕಾರ, ವಾಸದ ಹಕ್ಕಿನ ಅರ್ಜಿ. ಹಿಂಸೆ ಇಲ್ಲದಿದ್ದರೆ ತವರಿನ ಓಣಿಯಲ್ಲೇ ಬಾಡಿಗೆ ಹುಡುಕಿ. ಅವಳು ಕೆಲಸಕ್ಕೆ ಹೋದಾಗ ಮಗು ನೋಡಿಕೊಳ್ಳುವವರು ಇರುವ ಜಾಗವೇ ಅವಳಿಗೆ ಒಳ್ಳೆಯ ಮನೆ.

ಮಾಜಿ ದೇವದಾಸಿ ಮಹಿಳೆಯ ಸಂಸಾರ ಆದರೆ 1993-94 ಅಥವಾ 2007-08ರ ಸಮೀಕ್ಷೆಯಲ್ಲಿ ಹೆಸರಿದೆಯಾ ಮೊದಲು ನೋಡಿ. ಇದ್ದರೆ ವಿಶೇಷ ವರ್ಗದಲ್ಲಿ ಮನೆಗೆ ಅರ್ಜಿ ಹಾಕಿಸಿ, ಸಾಮಾನ್ಯ ಸಾಲಿನಲ್ಲಿ ನಿಲ್ಲಿಸಬೇಡಿ.

ವಯಸ್ಸಾದ ದಂಪತಿ, ದುಡಿಯಲು ಆಗದವರು: ಸಾಲ ಮಾಡಿ ಮನೆ ಕಟ್ಟಿಸುವ ಮಾತೇ ಬೇಡ. ಪಿಂಚಣಿ, ಎಸಿ ಕಚೇರಿಯ ಅರ್ಜಿ, ಅದೂ ಆಗದಿದ್ದರೆ ವೃದ್ಧಾಶ್ರಮ. ಹಿರಿಯರ ಸಹಾಯವಾಣಿ 14567. ಬೀದಿಯಲ್ಲಿ ಒಂಟಿ ಮಗು ಕಂಡರೆ 1098.

ಇನ್ನೊಂದು ವಿಷಯ. ಮನೆ ಮಂಜೂರು ಮಾಡಿಸಿಕೊಡುತ್ತೇನೆ ಅಂತ ಹಣ ಕೇಳುವವರು ಎಲ್ಲ ಊರಿನಲ್ಲೂ ಇದ್ದಾರೆ. ಅರ್ಜಿ ನಿಜವಾಗಿ ಎಲ್ಲಿದೆ ಅನ್ನುವುದನ್ನು ಫಲಾನುಭವಿ ಸಂಖ್ಯೆ ಹಾಕಿ ವಸತಿ ನಿಗಮದ ವೆಬ್‌ಸೈಟಿನಲ್ಲಿ ನೀವೇ ನೋಡಬಹುದು, ಗ್ರಾಮ ಪಂಚಾಯ್ತಿವಾರು ಪಟ್ಟಿಯೂ ಅಲ್ಲಿರುತ್ತದೆ. ಸಂಖ್ಯೆ ಇನ್ನೂ ಬಂದಿಲ್ಲ ಅಂದರೆ ಮಂಜೂರು ಆಗಿಲ್ಲ, ಯಾರು ಏನೇ ಹೇಳಲಿ. ಹಕ್ಕುಪತ್ರದ ನಿವೇಶನವನ್ನು ಅಗ್ಗಕ್ಕೆ ಮಾರುತ್ತೇನೆ ಅಂದವರಿಂದಲೂ ದೂರ ಇರಿ. ಅದನ್ನು ಕೆಲವು ವರ್ಷ ಮಾರುವಂತಿಲ್ಲ ಅನ್ನುವ ಷರತ್ತು ಪತ್ರದಲ್ಲೇ ಇರುತ್ತದೆ. ಬಾಂಡ್ ಪೇಪರಿನ ಮೇಲೆ ಬರೆದುಕೊಂಡು ಹಣ ಕೊಟ್ಟರೆ ಜಾಗವೂ ಹೋಗುತ್ತದೆ, ಮುಂದೆ ಅರ್ಜಿ ಹಾಕುವಾಗ ಆ ಪತ್ರವೇ ತೊಡಕೂ ಆಗಬಹುದು.